ಹದಿನೇಳನೇ ತಟ್ಟೆ: ಮಗು ಗೇಟು ದಾಟುವ ಆ ಐದು ನಿಮಿಷ

(ಸಕಲೇಶಪುರದಲ್ಲಿ ಅಂಗನವಾಡಿ ಮತ್ತು ನರ್ಸರಿ ನಡೆಸುವ ಹೆಣ್ಣುಮಕ್ಕಳು, ಕೆಲವು ತಾಯಂದಿರು ಸೇರಿದ್ದ ಕಡೆ ಆಡಿದ ಮಾತು. ಬರೆದು ಕೊಡಿ ಅಂತ ಹಲವರು ಕೇಳಿದ್ದರಿಂದ ಬರೆದಿದ್ದೇನೆ. ಅಲ್ಲಿ ಹೇಳಲು ಮರೆತ ಒಂದೆರಡು ವಿಷಯ ಇಲ್ಲಿ ಸೇರಿಕೊಂಡಿವೆ.)

ಅವತ್ತು ನಮ್ಮ ಅಂಗನವಾಡಿಯಲ್ಲಿ ಮೊಟ್ಟೆ ಕೊಡುವ ದಿನ. ಮಕ್ಕಳೆಲ್ಲ ಗೋಡೆಗೆ ಬೆನ್ನು ಹಾಕಿ ಸಾಲಾಗಿ ಕೂತು ಉಣ್ಣುತ್ತಿದ್ದರು. ಒಂದು ತಟ್ಟೆ ಮಾತ್ರ ಬಡಿಸಿದ ಹಾಗೇ ಇತ್ತು. ಅನ್ನ, ಸಾರು, ಮೇಲೆ ಸುಲಿದ ಮೊಟ್ಟೆ. ಸಾರು ಆರಿ ಅಂಚಿನಲ್ಲಿ ಕೆನೆ ಕಟ್ಟಿತ್ತು. ಆ ತಟ್ಟೆಯ ಹುಡುಗನಿಗೆ ಮೂರೂವರೆ ವರ್ಷ. ಮೊಟ್ಟೆ ಅಂದರೆ ಅವನಿಗೆ ಪ್ರಾಣ. ಹಳದಿಯನ್ನು ಬೇರೆ ಮಾಡಿ, ತಟ್ಟೆಯ ಮೂಲೆಯಲ್ಲಿ ಇಟ್ಟುಕೊಂಡು, ಎಲ್ಲ ಉಂಡಾದ ಮೇಲೆ ಕೊನೆಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅಂಥವನು ಮೊಟ್ಟೆ ಬಿಟ್ಟು ಎಲ್ಲಿಗೆ ಹೋದ ಅಂತ ಯೋಚನೆ ಬಂದ ಕ್ಷಣ ನನ್ನ ಕೈಕಾಲು ತಣ್ಣಗಾಯಿತು.

ಹದಿನೇಳು ಮಕ್ಕಳು ಬಂದಿದ್ದರು. ಹದಿನಾರು ಮಕ್ಕಳು ಕೂತಿದ್ದರು.

ಹಿತ್ತಲಲ್ಲಿ ಇಲ್ಲ. ಶೌಚಾಲಯದಲ್ಲಿ ಇಲ್ಲ. ಸಾಮಾನಿನ ಕೋಣೆಯಲ್ಲಿ ಮೂಟೆಗಳ ಹಿಂದೆ ಇಲ್ಲ. ಗೇಟು ಒಂದು ಅಡಿ ತೆರೆದಿತ್ತು. ಸ್ವಲ್ಪ ಹೊತ್ತಿನ ಹಿಂದೆ ಸಾಮಾನಿನ ಗಾಡಿ ಬಂದಿತ್ತು, ಸಹಾಯಕಿ ಮೂಟೆ ಇಳಿಸಿಕೊಳ್ಳಲು ಹೋಗಿದ್ದಳು, ಲೆಕ್ಕ ನೋಡಿ ಸಹಿ ಹಾಕಲು ನಾನು ಬಾಗಿಲಿಗೆ ಹೋಗಿದ್ದೆ. ಅವಳು ಒಳಗೆ ಹೋದಳು ಅಂತ ನಾನು ಅಂದುಕೊಂಡೆ. ನಾನು ಒಳಗೇ ಇದ್ದೀನಿ ಅಂತ ಅವಳು ಅಂದುಕೊಂಡಳು. ಅಷ್ಟೇ ನಡೆದದ್ದು. ಇಬ್ಬರಲ್ಲಿ ಯಾರೂ ಸೋಮಾರಿಗಳಲ್ಲ, ಇಬ್ಬರೂ ಕೆಲಸದಲ್ಲೇ ಇದ್ದೆವು. ಇದನ್ನು ಮೊದಲೇ ಹೇಳುತ್ತಿರುವುದು ಯಾಕೆಂದರೆ, ಮಗು ಹೊರಗೆ ಹೋಯಿತು ಅಂದ ಕೂಡಲೇ ಎಲ್ಲರೂ ಕೇಳುವುದು "ಟೀಚರ್ ಏನು ಮಾಡ್ತಿದ್ರು?" ಅಂತ. ಟೀಚರ್ ಕೆಲಸ ಮಾಡುತ್ತಿದ್ದರು. ಮಕ್ಕಳು ಕಣ್ತಪ್ಪಿ ಹೋಗುವುದು ಜಾಸ್ತಿ ಇಂಥ ಹೊತ್ತಿನಲ್ಲೇ.

ಹುಡುಗ ಸಿಕ್ಕಿದ. ಸುಮಾರು ಇಪ್ಪತ್ತು ನಿಮಿಷ ಆಗಿತ್ತು. ತೋಟದ ದಾರಿಯಲ್ಲಿ, ಕೆರೆ ಏರಿ ದಾಟಿ, ಕಾಫಿ ಒಣಗಿಸುವ ಕಣದ ಹತ್ತಿರ ನಡೆದುಕೊಂಡು ಹೋಗುತ್ತಿದ್ದವನನ್ನು ತೋಟದ ಲೆಕ್ಕ ಬರೆಯುವ ರೈಟರ್ ನೋಡಿ ಎತ್ತಿಕೊಂಡು ಬಂದರು. ಅಳುತ್ತಿರಲಿಲ್ಲ. ಒಂದು ಕೈಯಲ್ಲಿ ಒಂದು ಚಪ್ಪಲಿ ಇತ್ತು, ಇನ್ನೊಂದು ಕಾಲಲ್ಲಿತ್ತು. ಕೆರೆಯ ಏರಿ ಮೇಲೆ ಒಬ್ಬನೇ ನಡೆದಿದ್ದಾನೆ, ಅದೂ ಕೆರೆ ತುಂಬಿದ್ದ ವರ್ಷ. ಇಷ್ಟು ವರ್ಷ ಆದರೂ ಆ ಏರಿ ಮೇಲೆ ಹೋಗುವಾಗ ನನಗೆ ಎದೆ ಹಿಡಿದ ಹಾಗಾಗುತ್ತದೆ.

ಯಾಕೋ ಹೋದೆ ಅಂತ ಕೇಳಿದ್ದಕ್ಕೆ ಅವನು ಹೇಳಿದ್ದು ಇಷ್ಟೇ: "ಅವ್ವ ಕಣದಲ್ಲಿ ಐತೆ."

ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಮತ್ತೆ ಇಲ್ಲಿಗೆ ಬರುತ್ತೇನೆ.

ನಾವು "ಮಗು ತಪ್ಪಿಸಿಕೊಂಡಿತು" ಅನ್ನುತ್ತೇವೆ, ಅಲ್ವಾ? ಆ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಮೂರು ನಾಲ್ಕು ವರ್ಷದ ಮಗು ಓಡಿಹೋಗುವುದಿಲ್ಲ, ಎಲ್ಲಿಗೋ ಹೋಗುತ್ತಿರುತ್ತದೆ. ಅವ್ವನ ಹತ್ತಿರ, ಮನೆಯ ನಾಯಿಮರಿ ಹತ್ತಿರ, ನಿನ್ನೆ ನೋಡಿದ ಜೆಸಿಬಿ ಹತ್ತಿರ, ನೀರಿನ ಹತ್ತಿರ. ತಾನು ಕಳೆದುಹೋಗಿದ್ದೇನೆ ಅಂತ ಅದಕ್ಕೆ ಅನ್ನಿಸುವುದೇ ಇಲ್ಲ, ಅದಕ್ಕೇ ಅಳುವುದೂ ಇಲ್ಲ. ಅಳದೆ ಧೈರ್ಯವಾಗಿ ನಡೆದುಹೋಗುವ ಮಗುವನ್ನು ದಾರಿಯಲ್ಲಿ ಯಾರೂ ನಿಲ್ಲಿಸುವುದಿಲ್ಲ, ಇಲ್ಲೇ ಯಾರದೋ ಮನೆ ಮಗು ಇರಬೇಕು ಅಂದುಕೊಂಡು ಮುಂದೆ ಹೋಗುತ್ತಾರೆ. ಚಿಕ್ಕ ಕಾಲಲ್ಲಿ ಎಷ್ಟು ದೂರ ಹೋದೀತು ಅಂತ ಕೆಲವರು ಹೇಳುತ್ತಾರೆ. ನಿಮಿಷಕ್ಕೆ 50 ಮೀಟರ್ ಅಂತ ಇಟ್ಟುಕೊಂಡರೂ ಹತ್ತು ನಿಮಿಷಕ್ಕೆ ಅರ್ಧ ಕಿಲೋಮೀಟರ್ ಆಯಿತು. ನಮ್ಮ ಊರುಗಳಲ್ಲಿ ಅರ್ಧ ಕಿಲೋಮೀಟರ್ ಒಳಗೆ ಏನೇನಿದೆ ಅಂತ ಒಮ್ಮೆ ಯೋಚಿಸಿ. ಕೆರೆ, ತೋಟದ ಹೊಂಡ, ಮರದ ಲಾರಿ ಓಡಾಡುವ ರಸ್ತೆ. ಸಕಲೇಶಪುರ, ಆಲೂರು, ಬೇಲೂರು, ಆಚೆ ಮೂಡಿಗೆರೆ ಕಡೆ ಆನೆಯೂ ಉಂಟು.

ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ನೀರಿನಲ್ಲಿ ಮುಳುಗಿ ಸಾಯುವವರ ಬಗ್ಗೆ ಒಂದು ದೊಡ್ಡ ವರದಿ ತಂದಿತು. ಅದರಲ್ಲಿ ಮುಳುಗಿ ಸಾಯುವ ಪ್ರಮಾಣ ಎಲ್ಲಕ್ಕಿಂತ ಜಾಸ್ತಿ ಇರುವುದು 1ರಿಂದ 4 ವರ್ಷದ ಮಕ್ಕಳಲ್ಲಿ ಅಂತಿದೆ. ಮುಳುಗುವ ಮಗು ಕಿರುಚುವುದಿಲ್ಲ, ಕೈ ಬಡಿಯುವುದೂ ಕಡಿಮೆ. ಸದ್ದೇ ಇಲ್ಲದೆ ಮುಗಿದುಹೋಗುತ್ತದೆ. ಬಾಂಗ್ಲಾದೇಶದಲ್ಲಿ ಹಳ್ಳಿ ಹಳ್ಳಿಗೂ ಮನೆ ಪಕ್ಕದಲ್ಲೇ ಕೊಳ. ಅಲ್ಲಿನವರು ಕಂಡುಕೊಂಡ ದಾರಿ ನನಗೆ ತುಂಬಾ ಹಿಡಿಸಿತು. ಕೊಳಗಳಿಗೆಲ್ಲ ಬೇಲಿ ಹಾಕಿ ಮುಗಿಸಲು ಆಗುವುದಿಲ್ಲ, ಅದಕ್ಕೆ ಊರೊಳಗೇ ಒಬ್ಬ ಹೆಣ್ಣುಮಗಳ ಮನೆಯಲ್ಲಿ ಚಿಕ್ಕ ಮಕ್ಕಳನ್ನು ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಕೂರಿಸಿದರು. ತಾಯಂದಿರು ಕೆಲಸದಲ್ಲಿ ಮುಳುಗಿರುವ ಹೊತ್ತು ಅದು, ಮಕ್ಕಳು ನೀರಿಗೆ ಬೀಳುವುದೂ ಆ ಹೊತ್ತಲ್ಲೇ ಜಾಸ್ತಿ. ಆ ಶಿಶುಮನೆಗಳಿಗೆ ಅಲ್ಲಿ 'ಆಂಚಲ್' ಅಂತ ಹೆಸರು. ಆಂಚಲ್ ಅಂದರೆ ಸೆರಗು. ಅಲ್ಲಿಗೆ ಬಂದ ಮಕ್ಕಳಲ್ಲಿ ಸಾವು ಬಹಳ ಕಡಿಮೆಯಾಯಿತು.

ಇದನ್ನು ಯಾಕೆ ಹೇಳಿದೆ ಅಂದರೆ, ನಮ್ಮ ಅಂಗನವಾಡಿಯೂ ಅಂಥದ್ದೇ ಸೆರಗು. 1975ರ ಅಕ್ಟೋಬರ್ 2ರಂದು ಐಸಿಡಿಎಸ್, ಅಂದರೆ ಅಂಗನವಾಡಿ ನಡೆಸುವ ಸರ್ಕಾರದ ಯೋಜನೆ, ಶುರುವಾದಾಗಿನಿಂದ ನಾವು ಅಕ್ಷರ, ಆಹಾರ, ಚುಚ್ಚುಮದ್ದು ಅಂತಲೇ ಲೆಕ್ಕ ಹಿಡಿದಿದ್ದೇವೆ. ತಾಯಿ ತೋಟದಲ್ಲಿ ಹಣ್ಣು ಕೊಯ್ಯುವಾಗ ಮಗುವನ್ನು ಕೆರೆಯಿಂದ ದೂರ ಇಡುವುದೂ ನಮ್ಮ ಕೆಲಸವೇ. ಅದನ್ನು ಯಾವ ರಿಜಿಸ್ಟರಿನಲ್ಲೂ ಬರೆಯುವುದಿಲ್ಲ, ಆದರೆ ಅದಕ್ಕಿಂತ ದೊಡ್ಡ ಕೆಲಸ ನನಗಂತೂ ಗೊತ್ತಿಲ್ಲ.

ಅರಸೀಕೆರೆ, ಕಡೂರು ಕಡೆಯಿಂದ ಬಂದವರಿಗೆ ಒಂದು ಮಾತು. ನಿಮ್ಮಲ್ಲಿ ಕೆರೆ ಒಣಗಿರಬಹುದು, ಕೃಷಿ ಹೊಂಡ ಇದೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ಇಳಿಜಾರಿನಲ್ಲಿ ದೊಡ್ಡವರ ಕಾಲೇ ನಿಲ್ಲುವುದಿಲ್ಲ, ಮಗು ಹತ್ತಿ ಬರುವ ಮಾತೇ ಇಲ್ಲ. ಅಂಗನವಾಡಿಯ ಸುತ್ತ ಯಾವ ಯಾವ ಹೊಲದಲ್ಲಿ ಹೊಂಡ ಇದೆ, ಬೇಲಿ ಯಾವುದಕ್ಕಿದೆ ಯಾವುದಕ್ಕಿಲ್ಲ, ಒಂದು ಭಾನುವಾರ ನಡೆದು ನೋಡಿ. ಬೇಲಿ ಇಲ್ಲದ ಹೊಲದವರ ಮನೆಗೆ ಹೋಗಿ ಕೇಳಿ. "ನಿಮ್ಮ ಮೊಮ್ಮಗಳೂ ನಮ್ಮಲ್ಲೇ ಬರ್ತಾಳಲ್ಲ ಗೌಡ್ರೇ" ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ.

ಈಗ ಗೇಟಿನ ವಿಷಯ. ನಮ್ಮ ಕಡೆ ಎಷ್ಟೋ ಅಂಗನವಾಡಿಗೆ ಕಾಂಪೌಂಡೇ ಇಲ್ಲ, ಇದ್ದರೆ ಗೇಟು ಇಲ್ಲ, ಗೇಟು ಇದ್ದರೆ ಚಿಲಕ ಮುರಿದಿದೆ. ಮಲೆನಾಡಿನ ಒಳಗೆ ಬೇಲಿಗೆ ಉಣುಗೋಲು ಹಾಕಿರುತ್ತಾರೆ, ಮೂರು ಗಳ ಅಡ್ಡ ಸರಿಸಿದರೆ ಆಯಿತು. ಅದು ದನ ತಡೆಯಲು ಮಾಡಿದ್ದು. ಮಗು ಕೆಳಗಿನ ಗಳದ ಅಡಿಯಲ್ಲಿ ನುಸಿದು ಆಚೆ ಹೋಗುತ್ತದೆ. ನನ್ನ ಹುಡುಗ ಹೋದ ಮಾರನೇ ದಿನ ನಾನು ಮಾಡಿದ ಮೊದಲ ಕೆಲಸ, ಅಂಗಳದಲ್ಲಿ ಮೊಣಕಾಲೂರಿ ಕೂತು ಸುತ್ತ ನೋಡಿದ್ದು. ನಿಂತಾಗ ಕಾಣದೇ ಇದ್ದದ್ದೆಲ್ಲ ಕಂಡಿತು. ಬೇಲಿಯ ಬುಡದಲ್ಲಿ ನಾಯಿ ಕೆರೆದ ಒಂದು ಗುಂಡಿ, ಮಗು ತೂರುವಷ್ಟು. ಗೋಡೆ ಪಕ್ಕ ಯಾರೋ ಸುರಿದು ಬಿಟ್ಟ ಮರಳಿನ ಗುಡ್ಡೆ, ಹತ್ತಿದರೆ ಗೋಡೆಯ ತಲೆಗೇ ಸಮ. ಮತ್ತೆ ಗೇಟಿನ ಸರಳುಗಳ ನಡುವೆ ಸರಿಯಾಗಿ ಕಾಣುತ್ತಿತ್ತು ತೋಟದ ದಾರಿ, ದಾರಿಯ ಕೊನೆಯಲ್ಲಿ ಬೆಳ್ಳಗೆ ಕಣ. ಹುಡುಗ ದಿನಾ ಇದನ್ನೇ ನೋಡುತ್ತಿದ್ದ.

ಚಿಲಕ ನಿಮ್ಮ ಭುಜದ ಎತ್ತರಕ್ಕೆ ಇರಲಿ, ಹೊರಗಡೆ ಇರಲಿ, ಮೇಲಿಂದ ಕೈ ಹಾಕಿ ತೆಗೆಯುವ ಹಾಗೆ. ನೂರಿನ್ನೂರು ರೂಪಾಯಿ ಚಿಲಕ, ಅದಕ್ಕೆ ಇಲಾಖೆಯ ಆದೇಶ ಕಾಯಬೇಡಿ, ಊರಲ್ಲಿ ಯಾರಾದರೂ ಹಾಕಿಸಿ ಕೊಡುತ್ತಾರೆ. ಬಾಡಿಗೆ ಮನೆ ಆದರೆ ಬಾಗಿಲಿಗೆ ಅಡ್ಡ ಒಂದು ಅರ್ಧ ಬಾಗಿಲು ಮಾಡಿಸಿ. ಬೀಗ ಮಾತ್ರ ಹಾಕಬೇಡಿ. ಒಳಗಿಂದ ಬೀಗ ಹಾಕಿ ಕೀ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಸುಮ್ನೆ ಧೈರ್ಯ ಅನ್ನಿಸುತ್ತದೆ, ಆದರೆ ಪಕ್ಕದಲ್ಲೇ ಗ್ಯಾಸ್ ಒಲೆ ಉರಿಯುತ್ತಿರುತ್ತದೆ. 2004ರಲ್ಲಿ ತಮಿಳುನಾಡಿನ ಕುಂಭಕೋಣಂನಲ್ಲಿ ಶಾಲೆಗೆ ಬೆಂಕಿ ಬಿದ್ದು, ಹೊರಗೆ ಬರಲಾರದೆ 94 ಮಕ್ಕಳು ಸತ್ತರು. ಬೆಂಕಿ ಹೊತ್ತಿದ್ದು ಅಡುಗೆ ಕೋಣೆಯಿಂದ. ಮಗುವಿಗೆ ಆಗದ, ದೊಡ್ಡವರು ಒಂದೇ ಕೈಯಲ್ಲಿ ತೆಗೆಯುವ ಚಿಲಕ ಬೇಕು.

ಆಮೇಲೆ ಗಂಟೆ. ನಾನು ಗೇಟಿಗೆ ಹಸುವಿನ ಕೊರಳ ಗಂಟೆ ಕಟ್ಟಿಸಿದೆ. ಯಾರು ಬಂದರೂ ಹೋದರೂ ಟಣ್ ಅನ್ನುತ್ತದೆ. ಬೆನ್ನು ತಿರುಗಿಸಿ ಅನ್ನ ಬಸಿಯುತ್ತಿದ್ದರೂ ಕಿವಿಗೆ ಬೀಳುತ್ತದೆ. ನಾನು ಮಾಡಿದ್ದರಲ್ಲಿ ಎಲ್ಲಕ್ಕಿಂತ ಕಡಿಮೆ ಖರ್ಚಿನದು, ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಅದೇ.

ಆದರೆ ಅಕ್ಕಂದಿರೇ, ಅವತ್ತು ಗೇಟು ಸರಿಯಾಗೇ ಇತ್ತು. ಗಾಡಿ ಬಂತು, ತೆರೆದೆವು, ಹಾಕಲಿಲ್ಲ. ಎಂಥ ಗೇಟೂ ತೆರೆದಾಗ ತೆರೆದೇ ಇರುತ್ತದೆ. ಮಕ್ಕಳನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವಾಗ ಬಾಯಿ ಬಿಟ್ಟು ಹೇಳಬೇಕು, ನನಗೆ ಮುಖ್ಯ ಅನ್ನಿಸುವುದು ಅದು. ಮನಸ್ಸಲ್ಲಿ ಅಂದುಕೊಂಡರೆ ಆಗಲಿಲ್ಲ. ನಾವು ಹೀಗೆ ರೂಢಿ ಮಾಡಿಕೊಂಡೆವು. ನಾನು ಎದ್ದು ಹೋಗುವ ಮೊದಲು ಸಹಾಯಕಿಯ ಮುಖ ನೋಡಿ "ಹದಿನೇಳು, ನಿನ್ನ ಕೈಗೆ" ಅನ್ನಬೇಕು. ಅವಳು ಎಣಿಸಿ "ಹದಿನೇಳು, ನನ್ನ ಕೈಗೆ ಬಂತಕ್ಕ" ಅನ್ನಬೇಕು. ಅವಳು ಅನ್ನುವವರೆಗೆ ನಾನು ಕದಲಬಾರದು. ಮೊದಲ ವಾರ ಇಬ್ಬರಿಗೂ ನಾಚಿಕೆ ಆಯಿತು. ಎರಡನೇ ವಾರದಲ್ಲಿ ಮಕ್ಕಳೇ ನಮ್ಮ ಜೊತೆ ಹೇಳತೊಡಗಿದರು. ಒಲೆಯ ಮೇಲಿನ ಹಾಲನ್ನು "ನೋಡ್ಕೋ" ಅಂತ ಹೇಳದೆ ಯಾರಾದರೂ ಎದ್ದು ಹೋಗುತ್ತೇವಾ?

ಎಣಿಸುವುದಕ್ಕೂ ಒಂದು ಕ್ರಮ ಬೇಕು. ಬೆಳಿಗ್ಗೆ ಹಾಜರಿ ತೆಗೆದುಕೊಂಡರೆ ಮಕ್ಕಳು ಬಂದಿದ್ದರು ಅಂತ ಗೊತ್ತಾಗುತ್ತದೆ, ಈಗ ಇದ್ದಾರೆ ಅಂತ ಅಲ್ಲ. ಓಡಾಡುವ ಮಕ್ಕಳನ್ನು ಕಣ್ಣಲ್ಲೇ ಎಣಿಸಿದರೆ ಒಬ್ಬಳನ್ನು ಎರಡು ಸಲ ಎಣಿಸುತ್ತೀರಿ. ತಲೆ ಮುಟ್ಟಿ, ಹೆಸರು ಹೇಳಿ ಎಣಿಸಿ. ಹೊಸ್ತಿಲು ದಾಟುವಾಗೆಲ್ಲ ಎಣಿಸಿ, ಒಳಗಿಂದ ಅಂಗಳಕ್ಕೆ, ಅಂಗಳದಿಂದ ಕೈತೊಳೆಯುವಲ್ಲಿಗೆ, ಅಲ್ಲಿಂದ ಊಟಕ್ಕೆ. ನಾನು ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಆವತ್ತಿನ ಸಂಖ್ಯೆ ದೊಡ್ಡದಾಗಿ ಬರೆಯುತ್ತಿದ್ದೆ. ಯಾರಾದರೂ ಜ್ವರ ಅಂತ ಮಧ್ಯದಲ್ಲಿ ಮನೆಗೆ ಹೋದರೆ ಅಳಿಸಿ ಹೊಸ ಸಂಖ್ಯೆ. ಆಗ ಬದಲಿಗೆ ಬಂದವರಿಗೂ ಎಷ್ಟು ಮಕ್ಕಳಿದ್ದಾರೆ ಅಂತ ಕೇಳಬೇಕಾಗಿಲ್ಲ.

ಇದರ ಜೊತೆಗೆ ಒಂದು ಸುಲಭದ ಕೆಲಸ. ಬೆಳಿಗ್ಗೆ ಎಲ್ಲರೂ ಬಂದ ಮೇಲೆ ಮೊಬೈಲಲ್ಲಿ ಒಂದು ಗುಂಪು ಫೋಟೊ ತೆಗೆಯಿರಿ, ಸಂಜೆ ಅಳಿಸಿಬಿಡಿ. ಆ ಗಾಬರಿಯಲ್ಲಿ ಅಂಗಿ ಯಾವ ಬಣ್ಣ ಅಂತ ಯಾರಾದರೂ ಕೇಳಿದರೆ ತಾಯಿಗೂ ನೆನಪಾಗುವುದಿಲ್ಲ.

ಹೊತ್ತು ಯಾವುದು ಅಂದರೆ ಮೂರು. ಬೆಳಿಗ್ಗೆ ಬರುವ ಹೊತ್ತು, ಊಟದ ಹೊತ್ತು, ಮನೆಗೆ ಬಿಡುವ ಹೊತ್ತು. ಬೆಳಿಗ್ಗೆ ಅಮ್ಮ ಗೇಟಿನ ಹತ್ತಿರ ಬಿಟ್ಟು "ಹೋಗು ಕಂದ" ಅಂತ ಹೇಳಿ ಜೀಪು ಹತ್ತುತ್ತಾಳೆ. ಕೊಯ್ಲಿನ ಕಾಲದಲ್ಲಿ ಜೀಪು ಕಾಯುವುದಿಲ್ಲ, ಅವಳ ಕಷ್ಟ ನನಗೆ ಗೊತ್ತು. ಆದರೂ ತಾಯಂದಿರಲ್ಲಿ ನನ್ನ ಬೇಡಿಕೆ ಇದು: ಮಗುವಿನ ಕೈಯನ್ನು ಟೀಚರ್ ಕೈಗೇ ಕೊಡಿ. ಗೇಟಿನಿಂದ ಬಾಗಿಲವರೆಗಿನ ಆ ಇಪ್ಪತ್ತು ಹೆಜ್ಜೆಯಲ್ಲಿ ಮಗು ಯಾರದ್ದೂ ಅಲ್ಲ. ಸಂಜೆ ಯಾರು ಕರೆದುಕೊಂಡು ಹೋಗಬಹುದು ಅಂತ ಬರೆಸಿಡಿ. ಆ ಪಟ್ಟಿಯಲ್ಲಿ ಇಲ್ಲದವರು ಸ್ವಂತ ಚಿಕ್ಕಪ್ಪನಾದರೂ ಫೋನು ಮಾಡಿ ಕೇಳಿಯೇ ಕಳಿಸಬೇಕು, ಮತ್ತೆ ಅದಕ್ಕೆ ಯಾರೂ ಮುನಿಸಿಕೊಳ್ಳಬಾರದು. ಏಳೆಂಟು ವರ್ಷದ ಅಕ್ಕ ಬಂದು ತಮ್ಮನನ್ನು ಕರೆದುಕೊಂಡು ಹೋಗುವುದು ನಮ್ಮಲ್ಲಿ ರೂಢಿ. ನನಗೆ ಅದು ಒಪ್ಪಿಗೆ ಇಲ್ಲ. ಅವಳೂ ಮಗುವೇ.

ಖಾಸಗಿ ನರ್ಸರಿ ನಡೆಸುವವರೂ ಇಲ್ಲಿದ್ದೀರಿ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿಯಲ್ಲಿ 20 ಮಕ್ಕಳಿಗೆ ಒಬ್ಬ ಟೀಚರ್, ಒಬ್ಬ ಆಯಾ ಇರಬೇಕು ಅಂತಿದೆ. ಇಬ್ಬರು ಯಾಕೆ ಅಂದರೆ ಒಬ್ಬರು ಒಂದು ಮಗುವನ್ನು ಶೌಚಾಲಯಕ್ಕೆ ಕರೆದುಕೊಂಡು ಹೋದರೆ ಉಳಿದ ಹತ್ತೊಂಬತ್ತು ಮಕ್ಕಳಿಗೆ ಯಾರಾದರೂ ಬೇಕಲ್ಲ. ಸಿಸಿ ಕ್ಯಾಮೆರಾ ಹಾಕಿಸಿದ್ದೇವೆ ಅಂತ ಹೇಳುತ್ತೀರಿ. ಒಳ್ಳೆಯದೇ. ಆದರೆ ಮಗು ಹೇಗೆ ಹೋಯಿತು ಅಂತ ಕ್ಯಾಮೆರಾ ಆಮೇಲೆ ತೋರಿಸುತ್ತದೆ, ಹೋಗುವಾಗ ಕೈ ಹಿಡಿಯುವುದಿಲ್ಲ.

ಅಂಗನವಾಡಿಯವರ ಪರವಾಗಿಯೂ ಹೇಳಲೇಬೇಕು. 2021ರಿಂದ ಪೋಷಣ್ ಟ್ರ್ಯಾಕರ್ ಅನ್ನುವ ಮೊಬೈಲ್ ಆ್ಯಪ್ ಬಂದಿದೆ. ತೂಕ, ಎತ್ತರ, ಊಟ, ಹಾಜರಿ ಎಲ್ಲ ಮೊಬೈಲಲ್ಲೇ. ನೆಟ್‌ವರ್ಕ್ ಸಿಗದ ಊರಲ್ಲಿ ಕಾರ್ಯಕರ್ತೆ ಮೊಬೈಲ್ ಎತ್ತಿ ಹಿಡಿದು ಅಂಗಳದ ತುದಿಗೆ ಹೋಗಬೇಕು. ಸಹಾಯಕಿ ರಜೆ ಇದ್ದರೆ ಅಡುಗೆಯೂ ಅವಳದ್ದೇ. ಮಕ್ಕಳು ಇರುವ ಹೊತ್ತಲ್ಲಿ ಮೀಟಿಂಗ್ ಬೇಡ, ಫೋನಲ್ಲಿ ವರದಿ ಕೇಳುವುದು ಬೇಡ, ಮೂರು ಗಂಟೆ ಆದ ಮೇಲೆ ಕೇಳಿ ಅಂತ ನಾನು ಮೇಲಿನವರಿಗೆ ಹಲವು ಸಲ ಹೇಳಿದ್ದೇನೆ, ಈಗಲೂ ಹೇಳುತ್ತೇನೆ. ಕಣ್ಣು ಎರಡೇ ಇರುವುದು. ಅದು ಮಕ್ಕಳ ಮೇಲೆ ಇರಬೇಕೋ ಪರದೆಯ ಮೇಲೆ ಇರಬೇಕೋ ಅಂತ ಇಲಾಖೆ ತೀರ್ಮಾನ ಮಾಡಬೇಕು.

ಕೆಲವು ಮಕ್ಕಳು ಮತ್ತೆ ಮತ್ತೆ ಹೋಗುತ್ತಾರೆ. ಎಷ್ಟು ಹೇಳಿದರೂ ಹೋಗುತ್ತಾರೆ. ಅವರಲ್ಲಿ ಕೆಲವರಿಗೆ ಆಟಿಸಂ ಇರಬಹುದು. 2012ರಲ್ಲಿ ಅಮೆರಿಕದಲ್ಲಿ ಇಂಥ ಮಕ್ಕಳ ಮನೆಯವರನ್ನು ಕೇಳಿ ಒಂದು ಅಧ್ಯಯನ ಮಾಡಿದ್ದರು. ಹೆಚ್ಚುಕಮ್ಮಿ ಅರ್ಧದಷ್ಟು ಮಕ್ಕಳು, ನಾಲ್ಕು ವರ್ಷ ದಾಟಿದ ಮೇಲೂ, ಒಮ್ಮೆಯಾದರೂ ಹೀಗೆ ಹೊರಟುಹೋಗಲು ನೋಡಿದ್ದರು. ಹಾಗಾಗಿ ಇದು ಹಟ ಅಲ್ಲ, ಬೆಳೆಸಿದ್ದರಲ್ಲಿ ತಪ್ಪೂ ಅಲ್ಲ. ಇಂಥ ಮಕ್ಕಳಲ್ಲಿ ನೀರಿನ ಸೆಳೆತ ಇರುವವರು ಬಹಳ, ಕರೆದರೆ ತಿರುಗಿ ನೋಡದವರೂ ಇರುತ್ತಾರೆ. ಒಬ್ಬ ತಾಯಿ ನನ್ನ ಹತ್ತಿರ ಬಂದು "ಕಂಬಕ್ಕೆ ಸೀರೆಯಲ್ಲಿ ಕಟ್ಟಿ ಕೂರಿಸಿ ಅಕ್ಕ, ನಾನೂ ಮನೇಲಿ ಹಾಗೇ ಮಾಡೋದು" ಅಂದಳು. ಅವಳ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಬಂತು. ಕಟ್ಟಲಿಲ್ಲ. ಅವನು ಯಾವಾಗ ಹೋಗುತ್ತಾನೆ, ಯಾವ ಕಡೆಗೆ ಹೋಗುತ್ತಾನೆ ಅಂತ ಒಂದು ವಾರ ಬರೆದಿಟ್ಟೆವು. ಗಲಾಟೆ ಜಾಸ್ತಿ ಆದಾಗ ಎದ್ದು ಹೋಗುತ್ತಿದ್ದ, ಪ್ರತಿ ಸಲ ನಲ್ಲಿಯ ಕಡೆಗೇ. ಆಮೇಲಿಂದ ಗಲಾಟೆ ಆಗುವ ಆಟದ ಹೊತ್ತಿಗೆ ಸಹಾಯಕಿ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಪಕ್ಕದಲ್ಲೇ ಕೂತು, ಅಂಗೈ ಆಳದ ಒಂದು ತಟ್ಟೆ ನೀರು ಕೊಡುತ್ತಿದ್ದಳು. ಆಟ ಮುಗಿದ ಮೇಲೆ ಆ ನೀರನ್ನು ಗಿಡಕ್ಕೆ ಚೆಲ್ಲುವುದು ಅವನ ಕೆಲಸ. ಗೇಟಿನ ಕಡೆ ಹೋಗುವುದು ಬಹಳ ಕಡಿಮೆಯಾಯಿತು. ಸುತ್ತಲಿನ ನಾಲ್ಕು ಮನೆಗೂ ಅಂಗಡಿಗೂ ಅವನನ್ನು ತೋರಿಸಿ, ಒಬ್ಬನೇ ಕಂಡರೆ ಹಿಡಿದು ನಿಲ್ಲಿಸಿ ಅಂತ ಹೇಳಿ ಬಂದೆವು.

ಒಂದು ವೇಳೆ ಮಗು ಕಾಣದೇ ಹೋದರೆ ಒಬ್ಬರು ಉಳಿದ ಮಕ್ಕಳ ಜೊತೆ ಒಳಗೇ ಇರಬೇಕು. ಎಲ್ಲರೂ ಹುಡುಕಲು ಓಡಿದರೆ ಇನ್ನಿಬ್ಬರು ಮಕ್ಕಳು ಹಿಂದೆಯೇ ಬರುತ್ತಾರೆ. ಇನ್ನೊಬ್ಬರು ಮೊದಲು ನೀರಿನ ಕಡೆಗೆ ಓಡಬೇಕು. ಮನೆ, ಅಂಗಡಿ, ದೇವಸ್ಥಾನ ಎಲ್ಲ ಆಮೇಲೆ. ಬೇರೆ ಕಡೆ ಹೋಗಿದ್ದರೆ ಐದು ನಿಮಿಷ ತಡವಾಗಿಯಾದರೂ ಸಿಕ್ಕೀತು, ನೀರಿನಲ್ಲಿ ಐದು ನಿಮಿಷ ಇಲ್ಲ. ಓಡುತ್ತಲೇ ಕೂಗಿ ನಾಲ್ಕು ಜನರನ್ನು ಎಬ್ಬಿಸಿ, ಮರ್ಯಾದೆ ಪ್ರಶ್ನೆ ಅಂತ ಸುಮ್ಮನಿರಬೇಡಿ. ಅಷ್ಟು ಹೊತ್ತಿಗೆ ಒಳಗಿದ್ದವರು ಬೀರು, ಮಂಚದ ಕೆಳಗೆ, ಹೊರಗೆ ನಿಂತ ಗಾಡಿಯ ಒಳಗೆ ಎಲ್ಲ ನೋಡಲಿ. ಹತ್ತು ನಿಮಿಷ ಅಂತ ಕಾಯದೆ 112ಕ್ಕೆ ಫೋನು ಮಾಡಿ, ಮಕ್ಕಳ ಸಹಾಯವಾಣಿ 1098 ಕೂಡ ಇದೆ. 24 ಗಂಟೆ ಕಾಯಿರಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಮಗು ಕಾಣೆಯಾಗಿದೆ ಅಂತ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ.

ಮಗು ಸಿಕ್ಕಿದಾಗ ಹೊಡೆಯಬೇಡಿ. ಭಯದಲ್ಲಿ ಕೈ ಏಳುತ್ತದೆ, ನನಗೆ ಗೊತ್ತು, ನನ್ನ ಕೈಯೂ ಎದ್ದಿತ್ತು. ಏಟು ತಿಂದ ಮಗು ಮುಂದಿನ ಸಲ ಕರೆದಾಗ ಬಚ್ಚಿಟ್ಟುಕೊಳ್ಳುತ್ತದೆ.

ಇನ್ನು ಆ ಹುಡುಗನ ತಾಯಿ. ಸಹಾಯಕಿ "ಹೇಳೋದು ಬೇಡ ಅಕ್ಕ, ಮಗು ಸಿಕ್ತಲ್ಲ" ಅಂದಳು, ಪಾಪ ಅವಳಿಗೂ ಕೆಲಸದ ಭಯ. ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಆದರೆ ಸಂಜೆ ನಾನೇ ತೋಟದ ಕೆಲಸದವರು ಇರುವ ಲೈನ್ ಮನೆಗೆ ಹೋಗಿ, ಎಲ್ಲ ಹೇಳಿ, ತಪ್ಪು ನಮ್ಮದು ಅಂದೆ. ಅವಳು ಬಾಗಿಲಲ್ಲೇ ಕುಸಿದು ಕೂತಳು. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದಳು. ಬೆಳಿಗ್ಗೆ ಅವನು ಅಳುತ್ತಾನೆ ಅಂತ ಅವಳು ದಿನಾ ಹೇಳುತ್ತಿದ್ದಳಂತೆ, "ಅಳಬ್ಯಾಡ ಮಗಾ, ನಾನು ಇಲ್ಲೇ ಕಣದಲ್ಲೇ ಇರ್ತೀನಿ" ಅಂತ.

ಅವನು ಅವಳ ಮಾತು ನಂಬಿ ಹೊರಟಿದ್ದ, ಅಷ್ಟೇ. ಅವತ್ತು ಅವಳು ಕಣದಲ್ಲಿ ಇರಲೂ ಇಲ್ಲ, ಮೇಲಿನ ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದಳು.

ನಾವಿಬ್ಬರೂ ಕೂತು ಯೋಚನೆ ಮಾಡಿದೆವು. ಎಲ್ಲಿರುತ್ತೀನಿ ಅಂತ ಹೇಳಿದರೆ ಮಗು ಅಲ್ಲಿಗೆ ಹುಡುಕಿಕೊಂಡು ಹೊರಡುತ್ತದೆ. ಹೇಳದೆ ಕದ್ದು ಹೋದರೆ ಎಲ್ಲ ಕಡೆ ಹುಡುಕುತ್ತದೆ, ಅದು ಇನ್ನೂ ಕಷ್ಟ. ಯಾವಾಗ ಬರುತ್ತೀನಿ ಅಂತ ಹೇಳಬೇಕು, ಅದೂ ಗಡಿಯಾರದ ಲೆಕ್ಕದಲ್ಲಿ ಅಲ್ಲ. ಮಾರನೇ ದಿನ ಅವಳು ಜೀಪಿನವರನ್ನು ಎರಡು ನಿಮಿಷ ನಿಲ್ಲಿಸಿ ಒಳಗೆ ಬಂದಳು. ಅವನ ಕೈಯನ್ನು ನನ್ನ ಕೈಗೆ ಕೊಟ್ಟಳು. ಅವನ ಮುಂದೆ ಕೂತು, "ಊಟ ಮಾಡ್ತೀಯ, ಮಲಗ್ತೀಯ, ಎದ್ದು ಮುಖ ತೊಳ್ಕೊಂತೀಯ, ಆಗ ನಾನು ಬಂದು ಗಂಟೆ ಅಲ್ಲಾಡಿಸ್ತೀನಿ" ಅಂದಳು. ಗೇಟಿನ ಗಂಟೆಯನ್ನು ಒಮ್ಮೆ ಅಲ್ಲಾಡಿಸಿ ತೋರಿಸಿದಳು. ಅವನು ಅವತ್ತು ಮಧ್ಯಾಹ್ನ ಮಲಗಿ ಎದ್ದವನೇ ಮುಖ ತೊಳೆದುಕೊಂಡು ಬಂದು, ಗೇಟಿಗಲ್ಲ, ನನ್ನ ಪಕ್ಕ ಕೂತು, ಗಂಟೆಯ ಸದ್ದಿಗೆ ಕಿವಿಗೊಟ್ಟು ಕಾಯುತ್ತಿದ್ದ.